ಕೂಸು ಕಂಕುಳಲ್ಲಿ, ಮಗು ಕಾಲಡಿಯಲ್ಲಿ: ಬೆಂಗಳೂರಿನಲ್ಲಿ ಮನೆ ಬದಲಿಸುವಾಗ ಯಾವುದನ್ನು ಆರಿಸಬೇಕು?

ಮನೆ ನೋಡಲು ಹೋದವರು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಆಫೀಸು ಎಷ್ಟು ದೂರ, ವಾಸ್ತು ಹೇಗಿದೆ ಎಂದು ತೂಗಿ ನೋಡುತ್ತಾರೆ. ವರ್ಷ ತುಂಬದ ಕೂಸೂ ಎರಡು-ಎರಡೂವರೆ ವರ್ಷದ ಓಡಾಡುವ ಮಗುವೂ ಇರುವ ಮನೆಗೆ ಅಷ್ಟು ಸಾಲದು. ಅವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಈ ಆಯ್ಕೆ ಮಾಡಿಕೊಂಡರೆ ಯಾವ ಹೊತ್ತಿನಲ್ಲಿ ಯಾರ ಕೈ ಖಾಲಿ ಇರುತ್ತದೆ? ಕೂಸನ್ನು ಎತ್ತಿಕೊಂಡವರು ಓಡುವ ಮಗುವಿನ ಹಿಂದೆ ಓಡಲಾರರು. ಹಾಲು ಕುಡಿಸುತ್ತ ಕೂತ ತಾಯಿ ಗೇಟು ತೆರೆದ ಸದ್ದು ಕೇಳಿದರೂ ತಕ್ಷಣ ಏಳಲಾಗುವುದಿಲ್ಲ. ಕೆಳಗೆ ಹೋಲಿಸಿರುವ ಎಲ್ಲ ಆಯ್ಕೆಗಳನ್ನೂ ಈ ಒಂದು ಅಳತೆಯಿಂದಲೇ ನೋಡಿದ್ದೇವೆ. ಹಣದ ಲೆಕ್ಕ ಅದರ ನಂತರ ಬರುತ್ತದೆ.

ಕೆಳಗಿನ ಮನೆಯೋ, ಮೇಲಿನ ಮನೆಯೋ, ಅಪಾರ್ಟ್‌ಮೆಂಟೋ

ಎರಡು ಮಕ್ಕಳಿದ್ದಾರೆ ಎಂದ ಕೂಡಲೇ ಎಲ್ಲರೂ ಗ್ರೌಂಡ್ ಫ್ಲೋರ್ ಹುಡುಕಿ ಎನ್ನುತ್ತಾರೆ. ಅರ್ಧ ಸರಿ. ಮೆಟ್ಟಿಲಿಲ್ಲ, ಸ್ಟ್ರೋಲರ್ ಒಳಗೆ ಬರುತ್ತದೆ, ತರಕಾರಿ ಗಾಡಿ ಬಾಗಿಲಿಗೇ ಬರುತ್ತದೆ. ಆದರೆ ಬೆಂಗಳೂರಿನ ಸ್ವತಂತ್ರ ಮನೆಗಳ ಕೆಳಗಿನ ಭಾಗದಲ್ಲಿ ಸಂಪು ಇರುತ್ತದೆ. ಬಹುಪಾಲು ಮನೆಗಳಲ್ಲಿ ಅದು ಕಾರು ನಿಲ್ಲಿಸುವ ಜಾಗದಲ್ಲೋ ಮುಂಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲೋ ಇದ್ದು, ಮೇಲೆ ಒಂದು ತಗಡಿನ ಮುಚ್ಚಳವಷ್ಟೇ ಇರುತ್ತದೆ. ಅಪಾಯದ ಗಳಿಗೆ ಯಾವುದೆಂದರೆ, ನೀರು ಬಂತೇ ಎಂದು ಓನರ್ ಮುಚ್ಚಳ ಎತ್ತಿ ನೋಡಿದಾಗ, ಅಥವಾ ಟ್ಯಾಂಕರಿನವರು ಪೈಪು ಇಳಿಬಿಟ್ಟು ಚಾಲಕನ ಜೊತೆ ಮಾತಾಡುತ್ತ ನಿಂತಾಗ. ಮನೆ ನೋಡಲು ಹೋದ ದಿನವೇ ಮುಚ್ಚಳ ಎತ್ತಿಸಿ ನೋಡಿ. ಬೀಗ ಹಾಕಲು ಕೊಂಡಿ ಇರಬೇಕು, ದೊಡ್ಡವರು ಹತ್ತಿ ನಿಂತರೂ ಅಲುಗಾಡಬಾರದು. ಮುಚ್ಚಳದ ಕೆಳಗೆ ಕಬ್ಬಿಣದ ಜಾಲರಿಯೊಂದನ್ನು ಕೂರಿಸಿದರೆ ಮುಚ್ಚಳ ತೆರೆದಿದ್ದರೂ ಮಗು ಒಳಗೆ ಬೀಳದು. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಓನರ್ ಒಪ್ಪದಿದ್ದರೆ ಆ ಮನೆ ಬೇಡ. ಇದರಲ್ಲಿ ನಮಗೆ ರಾಜಿಯಿಲ್ಲ.

ಕೆಳಗಿನ ಮನೆಯಲ್ಲಿ ನೋಡಬೇಕಾದದ್ದು ಇನ್ನೂ ಇದೆ. ಗೇಟಿನ ಚಿಲಕ ಎಷ್ಟು ಎತ್ತರದಲ್ಲಿದೆ, ಗೇಟಿನ ಅಡಿಯಲ್ಲಿ ಮಗು ನುಸುಳುವಷ್ಟು ಸಂದಿಯಿದೆಯೇ ಎಂದು ನೋಡಿ. ರಾಜಕಾಲುವೆಯ ಪಕ್ಕದ ಬೀದಿಯೋ ತಗ್ಗಿನ ಬಡಾವಣೆಯೋ ಆಗಿದ್ದರೆ ಹೊರಗೋಡೆಯ ಬುಡದಲ್ಲಿ ನೀರಿನ ಗೆರೆ ಹುಡುಕಿ; ಹೊಸದಾಗಿ ಬಣ್ಣ ಹೊಡೆದಿದ್ದರೆ ಮೀಟರ್ ಬೋರ್ಡಿನ ಹಿಂದೆ, ಕಾಂಪೌಂಡಿನ ಒಳಮೈಯಲ್ಲಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಕೂಸಿನ ಹಾಲುಪುಡಿ, ಡೈಪರು, ಹಾಸಿಗೆ ಎಲ್ಲವೂ ನೆಲಮಟ್ಟದಲ್ಲಿರುವ ಮನೆಗೆ ಮೊಳಕಾಲುದ್ದ ನೀರೂ ದೊಡ್ಡ ಸಂಕಟವೇ. ಸೊಳ್ಳೆಯೂ ಕೆಳಗೇ ಹೆಚ್ಚು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದು ಮೊಟ್ಟೆಯಿಡುವುದು ಶುದ್ಧ ನೀರಿನಲ್ಲಿ. ಹಾಗಾಗಿ ಮುಚ್ಚಳ ಸರಿಯಿಲ್ಲದ ಸಂಪು ಎರಡು ಬಗೆಯಲ್ಲಿ ಕೆಟ್ಟದ್ದು. ಕಿಟಕಿಗಳಿಗೆ ಸೊಳ್ಳೆ ಜಾಲರಿ ಇದೆಯೇ ಎಂದು ನೋಡಿ. ಹಗಲು ಮಲಗುವ ಕೂಸಿನ ಕೋಣೆಯಲ್ಲಿ ಕಾಯಿಲ್ ಹೊಗೆ ಹಾಕುವಂತಿಲ್ಲ.

ಲಿಫ್ಟ್ ಇಲ್ಲದ ಮೊದಲ ಅಥವಾ ಎರಡನೇ ಮಹಡಿಯ ಮನೆಗೆ ಬಾಡಿಗೆ ಕಡಿಮೆ, ಗಾಳಿ ಚೆನ್ನಾಗಿ. ಮಲ್ಲೇಶ್ವರ, ರಾಜಾಜಿನಗರ, ವಿಜಯನಗರದಂಥ ಹಳೆಯ ಬಡಾವಣೆಗಳಲ್ಲಿ ಇಂಥವೇ ಹೆಚ್ಚು, ಮೆಟ್ಟಿಲು ಮನೆಯ ಹೊರಗಡೆ. ಈ ಮನೆಯನ್ನು ಪರೀಕ್ಷಿಸುವ ವಿಧಾನ ಸುಲಭ: ಹಗಲು ಮನೆಯಲ್ಲಿರುವವರು ಕೂಸನ್ನು ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡು, ದೊಡ್ಡ ಮಗುವಿನ ಕೈ ಹಿಡಿದು, ಒಂದು ಚೀಲ ಹೊತ್ತು ಆ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿಯಲಿ. ಹಿಡಿಗಂಬಿ ಹಿಡಿಯಲು ಒಂದು ಕೈ ಉಳಿಯದಿದ್ದರೆ ಅಂಥ ಮನೆ ಇನ್ನೆರಡು ವರ್ಷ ಬೇಡ. ಮೆಟ್ಟಿಲಿನ ತುದಿಗೆ ಮಕ್ಕಳ ಗೇಟು ಹಾಕಿಸುವುದಾದರೆ ಗೋಡೆಗೆ ಸ್ಕ್ರೂ ಹೊಡೆದು ಕೂರಿಸುವಂಥದ್ದೇ ಬೇಕು. ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲಿಸುವ ಗೇಟು ಎರಡು ಕೋಣೆಗಳ ನಡುವೆ ಸಾಕು. ಮೆಟ್ಟಿಲಿನ ಮೇಲ್ತುದಿಯಲ್ಲಿ ಮಗು ಒರಗಿದರೆ ಅದು ಕಳಚಿಕೊಂಡು ಮಗುವಿನ ಸಮೇತ ಕೆಳಗೆ ಬರುತ್ತದೆ.

ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಸಂಪಿನ ಚಿಂತೆ ಕಡಿಮೆ, ಗೇಟಿನಲ್ಲಿ ಸೆಕ್ಯುರಿಟಿ ಇರುತ್ತಾರೆ, ದೊಡ್ಡ ಮಗುವಿಗೆ ಜೊತೆಗಾರರು ಸಿಗುತ್ತಾರೆ. ಕರೆಂಟ್ ಹೋದಾಗ ಲಿಫ್ಟ್ ಜನರೇಟರ್‌ನಲ್ಲಿ ಓಡುತ್ತದೆಯೇ ಎಂದು ಕೇಳಿ. ಇಲ್ಲಿನ ಅಪಾಯವಿರುವುದು ಬಾಲ್ಕನಿಯಲ್ಲಿ. ಕಂಬಿಯ ಎತ್ತರ ಕನಿಷ್ಠ 1 ಮೀಟರ್, ಅಂದರೆ ಮೂರೂ ಕಾಲು ಅಡಿ ಇರಬೇಕು. ಅಳೆಯುವುದನ್ನು ನೆಲದಿಂದ ಶುರುಮಾಡಬೇಡಿ, ಮಗು ಕಾಲಿಡಬಹುದಾದ ಜಾಗದಿಂದ ಶುರುಮಾಡಿ; ಅರ್ಧ ಅಡಿಯ ಕಟ್ಟೆಯಿದ್ದರೆ ಅಷ್ಟು ಎತ್ತರ ಕಳೆದುಹೋಯಿತು. ಎರಡು ಕಂಬಿಗಳ ನಡುವೆ 4 ಇಂಚಿಗಿಂತ ಹೆಚ್ಚು ಸಂದಿ ಇರಬಾರದು. ಅಡ್ಡ ಕಂಬಿಗಳಿದ್ದರೆ ಅದು ಮಗುವಿಗೆ ಏಣಿ.

ಬಾಲ್ಕನಿ ಮುಚ್ಚಲು ಮೂರು ದಾರಿಗಳಿವೆ. ಪಾರಿವಾಳದ ನೈಲಾನ್ ಬಲೆ ಅಗ್ಗ, ಒಂದೇ ದಿನದಲ್ಲಿ ಕಟ್ಟುತ್ತಾರೆ. ಅದು ಹಕ್ಕಿಗಾಗಿ ಇರುವ ಬಲೆ. ಬಿಸಿಲಿಗೆ ನೂಲು ಸೊರಗುತ್ತದೆ, ಕೊಕ್ಕೆ ಸಡಿಲವಾಗುತ್ತದೆ, ಮಗುವಿನ ಭಾರವನ್ನು ಅದರ ಮೇಲೆ ನಂಬಿ ಬಿಡುವಂತಿಲ್ಲ. ಇನ್ವಿಸಿಬಲ್ ಗ್ರಿಲ್ ಎನ್ನುವ ಉಕ್ಕಿನ ತಂತಿಗಳ ಗ್ರಿಲ್ ನೋಡಲು ಚೆಂದ, ಬಹುತೇಕ ಅಸೋಸಿಯೇಷನ್‌ಗಳು ಒಪ್ಪುತ್ತವೆ. ಆದರೆ ಅದು ನಿಂತಿರುವುದು ತಂತಿಯ ಬಿಗಿತದ ಮೇಲೆ. ಹಾಕಿದ ಮೇಲೆ ಎರಡು ತಂತಿಗಳನ್ನು ಕೈಯಿಂದ ಅಗಲಿಸಿ ನೋಡಿ, ಆರು ತಿಂಗಳಿಗೊಮ್ಮೆ ಮತ್ತೆ ನೋಡಿ, ಸಡಿಲವಾಗಿದ್ದರೆ ಬಿಗಿಸಿ. ಉದ್ದ ಕಂಬಿಗಳ ಕಬ್ಬಿಣದ ಗ್ರಿಲ್ ಎಲ್ಲಕ್ಕಿಂತ ಗಟ್ಟಿ, ಅಸೋಸಿಯೇಷನ್‌ನ ತಕರಾರೂ ಅದಕ್ಕೇ ಹೆಚ್ಚು. ಬೆಂಕಿ ಬಿದ್ದರೆ ಹೊರಬರಲು ಅದರಲ್ಲಿ ತೆರೆಯುವ ಒಂದು ಭಾಗ ಇರಲೇಬೇಕು, ಅದರ ಬೀಗದ ಕೈ ದೊಡ್ಡವರ ಎತ್ತರದಲ್ಲಿ ಅಲ್ಲೇ ತೂಗುತ್ತಿರಬೇಕು. ಬಾಡಿಗೆ ಮನೆಗೆ ಎರಡನೆಯದು, ಸ್ವಂತ ಮನೆಗೆ ಮೂರನೆಯದು ಎನ್ನುತ್ತೇವೆ. ಯಾವುದೇ ಆದರೂ ಸಾಮಾನು ಬರುವ ಮೊದಲು ಆಗಿರಬೇಕು. ಖಾಲಿ ಪೆಟ್ಟಿಗೆಗಳನ್ನೆಲ್ಲ ಬಾಲ್ಕನಿಗೆ ದೂಡುವ ಮೊದಲ ವಾರವೇ ಅಲ್ಲಿ ಹತ್ತಲು ಮೆಟ್ಟಿಲುಗಳು ತಯಾರಾಗುವುದು.

ಒಟ್ಟಿನಲ್ಲಿ, ಬೀಗ ಹಾಕಿದ ಸಂಪಿರುವ ಕೆಳಗಿನ ಮನೆ, ಗ್ರಿಲ್ ಹಾಕಿದ ಲಿಫ್ಟಿನ ಮನೆ ಎರಡೂ ಒಳ್ಳೆಯವು. ಸಂಜೆಯವರೆಗೆ ಒಬ್ಬರೇ ಎರಡೂ ಮಕ್ಕಳನ್ನು ನೋಡಿಕೊಳ್ಳುವ ಮನೆಯಾದರೆ ನಮ್ಮ ಒಲವು ಎರಡನೆಯದರ ಕಡೆಗೆ. ಅಪಾರ್ಟ್‌ಮೆಂಟಿನ ಅಪಾಯವನ್ನು ಒಂದು ಬಾಗಿಲು, ಒಂದು ಗ್ರಿಲ್ಲಿನಿಂದ ಕಟ್ಟಿಹಾಕಬಹುದು. ಕೆಳಗಿನ ಮನೆಯಲ್ಲಿ ಬೇರೆಯವರು ತೆರೆಯುವ ಗೇಟನ್ನೂ ಮುಚ್ಚಳವನ್ನೂ ದಿನವಿಡೀ ಕಾಯಬೇಕು.

ಕಾವೇರಿ, ಬೋರ್‌ವೆಲ್, ಟ್ಯಾಂಕರ್

ನೀರು ಸಾಕಷ್ಟಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೂಸಿರುವ ಮನೆಯವರು ಯಾವ ನೀರು ಎಂದೂ ಕೇಳಬೇಕು. ಹಳೆಯ ಬಡಾವಣೆಗಳಿಗೆ ಕಾವೇರಿ ನೀರು ವಾರದಲ್ಲಿ ಕೆಲವು ದಿನ ಬರುತ್ತದೆ, ಸಂಪಿನಲ್ಲಿ ತುಂಬಿಸಿಕೊಳ್ಳುತ್ತಾರೆ. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದರೆ ಬಡಾವಣೆಗೆ ಪೈಪು ಬಂದಿರುವುದು ಬೇರೆ, ನೀವು ನೋಡುತ್ತಿರುವ ಕಟ್ಟಡ ಸಂಪರ್ಕ ತೆಗೆದುಕೊಂಡಿರುವುದು ಬೇರೆ. ಕಾವೇರಿ ಇದೆ ಎಂದು ಬಾಯಿಮಾತಿಗೆ ಹೇಳಿದರೆ ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಲು ಕೇಳಿ. ಬಿಲ್ ಇಲ್ಲದಿದ್ದರೆ ಬರುವುದು ಬೋರ್ ನೀರು ಅಥವಾ ಟ್ಯಾಂಕರ್ ನೀರು ಎಂದೇ ತಿಳಿಯಿರಿ.

ಬೋರ್ ನೀರಿನ ಗಡಸುತನ ಕೂಸಿನ ಚರ್ಮವನ್ನು ಒಣಗಿಸುತ್ತದೆ, ಸೋಪು ನೊರೆ ಬರುವುದಿಲ್ಲ, ಗೀಸರಿನಲ್ಲಿ ಸುಣ್ಣ ಕಟ್ಟುತ್ತದೆ. ಅದನ್ನು ಹೇಗೋ ಸಂಭಾಳಿಸಬಹುದು. ನಿಜವಾಗಿ ಎಚ್ಚರವಿರಬೇಕಾದ್ದು ನೈಟ್ರೇಟ್ ಬಗ್ಗೆ. ಚರಂಡಿ ನೀರು ನೆಲಕ್ಕೆ ಇಂಗುವ ಕಡೆಗಳಲ್ಲಿ ಬೋರ್ ನೀರಿಗೆ ಅದು ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆರು ತಿಂಗಳೊಳಗಿನ ಕೂಸಿಗೆ ಆ ಮಿತಿ ಮೀರಿದ ನೀರಿನಲ್ಲಿ ಹಾಲುಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಏರುತ್ತದೆ. ಯುವಿ ಫಿಲ್ಟರಿಗೂ ಬಗ್ಗದು. ಅದನ್ನು ತಗ್ಗಿಸಲು ಆರ್‌ಓ ಬೇಕು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಬೇರೆ ನೀರೇ ಬೇಡ, ಆ ಚಿಂತೆಯೂ ಇಲ್ಲ. ಪುಡಿ ಹಾಲು ಕುಡಿಯುವ ಕೂಸಿದ್ದು ಬೋರ್ ನೀರಿನ ಮನೆಗೆ ಹೋಗುವುದಾದರೆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿ. ಆರ್‌ಓ ಯಂತ್ರ ಸಾಮಾನಿನ ಜೊತೆ ಬಂದು ಎರಡು ದಿನದ ಮೇಲೆ ಜೋಡಣೆಯಾಗುವುದಲ್ಲ. ಹಿಂದಿನ ದಿನವೇ ಕೂತಿರಬೇಕು.

ಸ್ನಾನದ ಬಿಸಿನೀರಿನ ವಿಷಯದಲ್ಲಿ ಮೂರು ಬಗೆ ಸಿಗುತ್ತವೆ: ಕರೆಂಟ್ ಗೀಸರ್, ಸೋಲಾರ್, ಗ್ಯಾಸ್ ಗೀಸರ್. ಬಚ್ಚಲುಮನೆಯ ಒಳಗೇ ಗ್ಯಾಸ್ ಗೀಸರ್ ಇರುವ ಮನೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ, ಅಥವಾ ಅದನ್ನು ಹೊರಗೆ ಹಾಕಿಸಿದ ಮೇಲೆ ಹೋಗಿ. ಗಾಳಿ ಸಾಲದ ಬಚ್ಚಲಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಈ ಊರಿನಲ್ಲಿ ಇದರಿಂದ ಜೀವಗಳು ಹೋಗಿವೆ. ಕೂಸಿಗೆ ತಣ್ಣನೆ ಗಾಳಿ ತಾಗದಿರಲೆಂದು ಕಿಟಕಿ ಬಾಗಿಲು ಮುಚ್ಚಿಕೊಂಡು ಹೊತ್ತುಗಟ್ಟಲೆ ಎರೆಯುವ ನಮ್ಮ ಪದ್ಧತಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಸೋಲಾರ್ ನೀರು ಬೇಸಿಗೆಯಲ್ಲಿ ಸುಡುವಷ್ಟು ಬಿಸಿ ಬರುತ್ತದೆ. 60 ಡಿಗ್ರಿಯ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಕರೆಂಟ್ ಗೀಸರ್ ಇದ್ದರೆ ತಿರುಗಣೆಯನ್ನು 50 ಡಿಗ್ರಿಗೆ ಇಳಿಸಿ.

ಹಾಲು ಉಕ್ಕಿಸುವ ದಿನವೇ ಸಾಮಾನೂ ಹೋಗಬೇಕೇ?

ಬ್ರಾಹ್ಮೀ ಮುಹೂರ್ತದಲ್ಲಿ ಹಾಲು ಉಕ್ಕಿಸಿ, ಹತ್ತಕ್ಕೆ ಲಾರಿ ಬಂದು, ರಾತ್ರಿ ಅಲ್ಲೇ ಮಲಗುವುದು ಒಂದು ರೂಢಿ. ಮಕ್ಕಳಿಲ್ಲದ ಮನೆಗೆ ಒಂದು ದಿನದ ಆಯಾಸ, ಅಷ್ಟೆ. ಇಬ್ಬರು ಮಕ್ಕಳಿದ್ದರೆ ಆ ದಿನ ಬೆಳಗಿನ ನಾಲ್ಕಕ್ಕೇ ನಿದ್ದೆ ಕೆಡುತ್ತದೆ, ಮಧ್ಯಾಹ್ನದ ನಿದ್ದೆಗೆ ಜಾಗವಿರುವುದಿಲ್ಲ, ಸಂಜೆಗೆ ಇಬ್ಬರೂ ಒಟ್ಟಿಗೆ ಅಳುತ್ತಾರೆ, ಮಂಚ ಇನ್ನೂ ಬಿಡಿಬಿಡಿಯಾಗಿ ಬಿದ್ದಿರುತ್ತದೆ.

ಬೇರೆ ಮಾಡುವುದೇ ಮೇಲು. ಒಳ್ಳೆಯ ದಿನ ನೋಡಿ ದೇವರ ಫೋಟೋ, ದೀಪ, ಅಕ್ಕಿ, ಬೆಲ್ಲ, ಹಾಲಿನ ಪಾತ್ರೆ ತೆಗೆದುಕೊಂಡು ಹೋಗಿ ಶಾಸ್ತ್ರ ಮುಗಿಸಿ, ಮಕ್ಕಳು ಏಳುವ ಹೊತ್ತಿಗೆ ಹಳೆಯ ಮನೆಗೆ ಬನ್ನಿ. ಸಾಮಾನು ಒಂದು ವಾರದ ಮೇಲೆ ಹೋಗಲಿ. ಹಾಲು ಉಕ್ಕಿದ ಮೇಲೆ ಮನೆ ನಮ್ಮದಾಯಿತು, ಉಳಿದದ್ದಕ್ಕೆ ಮುಹೂರ್ತದ ಗಡಿಬಿಡಿ ಬೇಡ ಎನ್ನುವುದನ್ನು ಮನೆಯ ಹಿರಿಯರೂ ಸಾಮಾನ್ಯವಾಗಿ ಒಪ್ಪುತ್ತಾರೆ. ಆಷಾಢ ಹತ್ತಿರ ಬಂದಿದ್ದರೆ ಈ ದಾರಿಯ ಲಾಭ ಇನ್ನೂ ಹೆಚ್ಚು: ಶಾಸ್ತ್ರ ಜ್ಯೇಷ್ಠದಲ್ಲೇ ಮುಗಿದಿರುತ್ತದೆ, ಲಾರಿಗೆ ನೂಕುನುಗ್ಗಲಿಲ್ಲದ ದಿನವನ್ನು ನೀವು ಆರಿಸಬಹುದು. ಹೋಮ ಮಾಡಿಸುವುದಿದ್ದರೆ ಹೊಗೆ ಪೂರ್ತಿ ಹೋಗುವವರೆಗೆ ಕೂಸನ್ನು ಒಳಗೆ ಕರೆತರಬೇಡಿ. ಹೊಸ ಮನೆಯಲ್ಲಿ ಇನ್ನೂ ಫ್ಯಾನು, ಎಕ್ಸಾಸ್ಟ್ ಏನೂ ಇರುವುದಿಲ್ಲ.

ಇದಕ್ಕೆ ತಗಲುವ ಖರ್ಚು ಒಂದು ವಾರದ ಎರಡು ಬಾಡಿಗೆ. ತಿಂಗಳಿಗೆ 30,000 ಬಾಡಿಗೆಯಾದರೆ ದಿನಕ್ಕೆ 1,000, ವಾರಕ್ಕೆ 7,000. ಅಡ್ವಾನ್ಸ್ ಕೊಡುವಾಗಲೇ ಕೇಳಿದರೆ ಬಣ್ಣ ಮುಗಿದ ಮನೆಯ ಕೀಲಿಯನ್ನು ನಾಲ್ಕು ದಿನ ಮೊದಲೇ ಕೊಡುವ ಓನರ್‌ಗಳಿದ್ದಾರೆ, ಹಣ ಕೊಟ್ಟ ಮೇಲೆ ಕೇಳಿದರೆ ಕೊಡುವವರು ಕಡಿಮೆ. ಬೇರೆಲ್ಲಿ ಉಳಿಸಿದರೂ ಸರಿ, ಈ ಏಳು ದಿನಗಳಿಗೆ ಖರ್ಚು ಮಾಡಿ ಎನ್ನುತ್ತೇವೆ. ಏಕೆಂದರೆ ಗ್ರಿಲ್, ಸೊಳ್ಳೆ ಜಾಲರಿ, ಆರ್‌ಓ, ಗೀಸರ್, ಜಿರಳೆ ಔಷಧಿ ಎಲ್ಲವೂ ಖಾಲಿ ಮನೆಯಲ್ಲಿ, ಮಕ್ಕಳಿಲ್ಲದಾಗ ಮುಗಿಯುತ್ತವೆ. ಬಣ್ಣಕ್ಕೂ ಇದೇ ಸಮಯ. ಗೋಡೆಯ ನೀರಿನ ಬಣ್ಣದ ವಾಸನೆ ಕಿಟಕಿ ತೆರೆದಿಟ್ಟರೆ ಕೆಲವು ದಿನಗಳಲ್ಲಿ ಹೋಗುತ್ತದೆ. ಬಾಗಿಲು, ಗ್ರಿಲ್ಲಿಗೆ ಹೊಡೆಯುವ ಎನಾಮಲ್ ಹೆಚ್ಚು ದಿನ ಎಳೆಯುತ್ತದೆ. ಮನೆಗೆಲ್ಲಾ ಹೊಸ ಪ್ಲೈವುಡ್ ಕಬೋರ್ಡ್ ಮಾಡಿಸಿದ್ದರೆ ಅದರ ಘಾಟು ಇಳಿಯಲು ವಾರಗಳು ಬೇಕು, ಕೂಸಿನ ಕೋಣೆಗೆ ಕಬೋರ್ಡ್ ಇಲ್ಲದ ಕೋಣೆಯನ್ನೇ ಆರಿಸಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮಲ್ ಕಿತ್ತುಬರುತ್ತಿರುವ ಕಿಟಕಿ ಗ್ರಿಲ್‌ಗಳನ್ನು ಒಣಗಿದ್ದಂತೆಯೇ ಉಜ್ಜಿಸಬೇಡಿ, ಆ ಧೂಳು ನೆಲದಲ್ಲಿ ಕೂತು ಅಂಬೆಗಾಲಿಡುವ ಕೂಸಿನ ಕೈಯಿಂದ ಬಾಯಿಗೆ ಹೋಗುತ್ತದೆ. ಒದ್ದೆ ಮಾಡಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಿ.

ಪ್ಯಾಕರ್ಸೋ, ಟೆಂಪೋನೋ, ಎರಡರ ನಡುವೆಯೋ

ಟಾಟಾ ಏಸ್‌ನ ತೊಟ್ಟಿ ಸುಮಾರು ಏಳಡಿ ಉದ್ದ. ಎರಡು ಕೋಣೆಯ ಮನೆಯ ಸಾಮಾನಿಗೆ ಎರಡು-ಮೂರು ಟ್ರಿಪ್ ಬೇಕು. 14 ಅಡಿಯ ಲಾರಿಯಾದರೆ ಒಂದೇ ಸಲ. ಟೆಂಪೋ ಬಾಡಿಗೆಯನ್ನಷ್ಟೇ ನೋಡಿದರೆ ಏಸ್ ಅಗ್ಗ. ಆದರೆ ಒಂದೊಂದು ಟ್ರಿಪ್ಪಿಗೂ ಎರಡೂ ಮನೆಗಳ ಮುಂಬಾಗಿಲು ಅಗುಳಿ ತೆಗೆದು ಬಿಟ್ಟಿರುತ್ತದೆ, ಕೈಯಲ್ಲಿ ಬೀರು ಹಿಡಿದವರಿಗೆ ಕಾಲಡಿಯ ಮಗು ಕಾಣುವುದಿಲ್ಲ. ಬಾಗಿಲು ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು, ಹಾಗಾಗಿ ಒಂದೇ ದೊಡ್ಡ ಗಾಡಿ.

ನಾವೇ ಹತ್ತು ದಿನ ಮೊದಲಿನಿಂದ ಸ್ವಲ್ಪಸ್ವಲ್ಪ ಕಟ್ಟುತ್ತೇವೆ ಎನ್ನುವುದು ಕೇಳಲು ಚೆನ್ನ. ಓಡಾಡುವ ಮಗುವಿರುವ ಮನೆಯಲ್ಲಿ ಕಟ್ಟಿದ ಪೆಟ್ಟಿಗೆ ಕಟ್ಟಿದ ಹಾಗೇ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕತ್ತರಿ, ಟೇಪ್ ಕತ್ತರಿಸುವ ಬ್ಲೇಡು, ಥರ್ಮಾಕೋಲ್ ಚೂರು, ಪ್ಲಾಸ್ಟಿಕ್ ಹಾಳೆ ಹತ್ತು ದಿನ ನೆಲದಲ್ಲಿರುತ್ತವೆ. ಪ್ಯಾಕರ್ಸ್‌ನ ನಾಲ್ಕೈದು ಜನ ಅದೇ ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಪೂರ್ತಿ ಪ್ಯಾಕಿಂಗ್‌ಗೆ ಹಣ ಸಾಲದಿದ್ದರೆ ಅಡುಗೆಮನೆಯ ಗಾಜು-ಪಿಂಗಾಣಿ, ಟಿವಿ, ಫ್ರಿಜ್ಜು, ಮಂಚ ಬಿಚ್ಚುವುದನ್ನು ಅವರಿಗೆ ಕೊಡಿ. ಬಟ್ಟೆಯನ್ನು ಸೂಟ್‌ಕೇಸು, ಬೆಡ್‌ಶೀಟಿನ ಗಂಟುಗಳಲ್ಲಿ ನೀವೇ ಕಟ್ಟಿ. ಅದಕ್ಕೆ ಬ್ಲೇಡೂ ಬೇಡ, ಪೆಟ್ಟಿಗೆಯೂ ಬೇಡ. ಮಕ್ಕಳ ಬಟ್ಟೆಯ ಜೊತೆ ನುಸಿಗುಳಿಗೆ ಹಾಕಬೇಡಿ. ಮಗು ನುಂಗಿದರೆ ವಿಷ, ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಅದರ ವಾಸನೆ ಹಿಡಿದ ಬಟ್ಟೆಯಿಂದಲೇ ರಕ್ತಕಣಗಳು ಒಡೆಯಬಹುದು.

ದರ ಕೇಳುವಾಗ ಫೋನಿನಲ್ಲಿ ಒಪ್ಪಬೇಡಿ. ವಿಡಿಯೋದಲ್ಲಾದರೂ ಮನೆ ತೋರಿಸಿ, ಸಾಮಾನಿನ ಪಟ್ಟಿ ಸಮೇತ ಬರೆಸಿಕೊಳ್ಳಿ. ಲಿಫ್ಟ್ ಇಲ್ಲದ ಮಹಡಿಗೆ ಎಷ್ಟು, ಗಾಡಿ ಬಾಗಿಲವರೆಗೆ ಬರದಿದ್ದರೆ ಎಷ್ಟು, ಮಂಚ ಮತ್ತೆ ಜೋಡಿಸುವುದು ಸೇರಿದೆಯೇ, ಜಿಎಸ್‌ಟಿ ಸೇರಿದೆಯೇ ಎಂಬುದೆಲ್ಲ ಅದರಲ್ಲಿರಲಿ. ಉಳಿದವರೆಲ್ಲರಿಗಿಂತ ತೀರಾ ಕಡಿಮೆ ಹೇಳಿದವರು ಸಾಮಾನು ಲಾರಿಗೆ ಏರಿದ ಮೇಲೆ ಹೆಚ್ಚು ಕೇಳುವುದು ಇಲ್ಲಿ ಹೊಸದೇನಲ್ಲ, ಆಗ ಕೂಸಿನ ಹಾಸಿಗೆಯೂ ಲಾರಿಯಲ್ಲೇ ಇರುತ್ತದೆ. ಅಪಾರ್ಟ್‌ಮೆಂಟಾದರೆ ಸಾಮಾನು ತರಲು ಯಾವ ದಿನ, ಯಾವ ಹೊತ್ತು ಬಿಡುತ್ತಾರೆಂದು ಅಸೋಸಿಯೇಷನ್‌ನಲ್ಲಿ ಕೇಳಿ. ಕೆಲವೆಡೆ ಭಾನುವಾರ ಬಿಡುವುದಿಲ್ಲ. ಸರಕು ಗಾಡಿಗಳಿಗೆ ದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧವಿರುವ ರಸ್ತೆಗಳೂ ಇವೆ, ದಾರಿಯನ್ನು ಚಾಲಕರ ಜೊತೆ ಮೊದಲೇ ಮಾತಾಡಿ.

ಅಂದು ಮಕ್ಕಳು ಎಲ್ಲಿರಬೇಕು

ಅಜ್ಜಿಮನೆಗೆ ಕಳಿಸುವುದು, ಜೊತೆಯಲ್ಲೇ ಇಟ್ಟುಕೊಳ್ಳುವುದು, ಇಬ್ಬರನ್ನೂ ಕರೆದುಕೊಂಡು ತಾಯಿ ಬೇರೆಡೆ ಇರುವುದು. ದೊಡ್ಡ ಮಗು ಅಜ್ಜಿಯ ಮನೆಯಲ್ಲಿ ಮೊದಲೇ ಒಂಟಿಯಾಗಿ ಮಲಗಿದ ಅಭ್ಯಾಸವಿದ್ದರೆ ಅಲ್ಲಿಗೆ ಕಳಿಸುವುದು ಸರಿ. ಅಭ್ಯಾಸವಿಲ್ಲದಿದ್ದರೆ ಅಮ್ಮನಿಲ್ಲದ ಮೊದಲ ರಾತ್ರಿಯೂ ಮನೆ ಕಳೆದುಹೋದ ದಿನವೂ ಒಂದೇ ಆಗುವುದು ಬೇಡ. ಎದೆಹಾಲು ಕುಡಿಯುವ ಕೂಸು ತಾಯಿಯ ಜೊತೆಗೇ ಇರಬೇಕು. ಹಿಂಡಿಟ್ಟ ಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ ಇರುತ್ತದೆ, ಐಸ್ ಪ್ಯಾಕ್ ಇರುವ ಕೂಲರ್ ಚೀಲದಲ್ಲಿ 24 ಗಂಟೆ. ಏಪ್ರಿಲ್-ಮೇ ಬಿಸಿಲಲ್ಲಿ ಹೊರಗಿಟ್ಟರೆ ಅಷ್ಟೂ ಹೊತ್ತು ತಡೆಯದು. ಕಲಸಿದ ಪುಡಿ ಹಾಲು ಎರಡು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದನ್ನು ಚೆಲ್ಲಿ.

ಹತ್ತಿರದಲ್ಲಿ ಅಜ್ಜಿಮನೆ ಇಲ್ಲದವರಿಗೆ ನಾವು ಹೇಳುವುದು ಹೀಗೆ. ಹಳೆಯ ಮನೆಯಲ್ಲಿ ಮಕ್ಕಳ ಕೋಣೆಯನ್ನು ಕೊನೆಗೆ ಕಟ್ಟಿಸಿ, ಲಾರಿಗೆ ಕೊನೆಗೆ ಹೇರಿಸಿ. ಕೊನೆಗೆ ಹೇರಿದ್ದು ಮೊದಲು ಇಳಿಯುತ್ತದೆ. ಹೊಸ ಮನೆಯಲ್ಲಿ ಆ ಒಂದು ಕೋಣೆ ಜೋಡಣೆಯಾಗಿ, ಹಾಸಿಗೆ ಹಾಸಿ, ಪರದೆಯಾಗಿ ಒಂದು ಬೆಡ್‌ಶೀಟ್ ಕಟ್ಟಿದ ಮೇಲೆ ಮಕ್ಕಳು ಬರಲಿ. ಅಲ್ಲಿಯವರೆಗೆ ಪರಿಚಯದ ಪಕ್ಕದ ಮನೆಯಲ್ಲಿ ಇರಲಿ. ಒಬ್ಬ ದೊಡ್ಡವರಿಗೆ ಅಂದು ಒಂದೇ ಕೆಲಸ: ದೊಡ್ಡ ಮಗು. ಆಕೆಯೋ ಆತನೋ ಲಾರಿಯವರಿಗೆ ದುಡ್ಡು ಎಣಿಸಿ ಕೊಡಬಾರದು, ಸ್ಕ್ರೂಡ್ರೈವರ್ ಹುಡುಕಬಾರದು. ಇಬ್ಬರೇ ದೊಡ್ಡವರಿದ್ದು ಒಬ್ಬರ ಕಂಕುಳಲ್ಲಿ ಕೂಸಿದ್ದರೆ ಸಾಮಾನಿನ ಮೇಲ್ವಿಚಾರಣೆಗೆ ಮೂರನೆಯವರು ಬೇಕು. ತಮ್ಮನನ್ನೋ ನಾದಿನಿಯನ್ನೋ ಸ್ನೇಹಿತರನ್ನೋ ಒಂದು ದಿನ ರಜೆ ಹಾಕಿ ಬನ್ನಿ ಎಂದು ಸಂಕೋಚವಿಲ್ಲದೆ ಕರೆಯಿರಿ.

ಮಕ್ಕಳು ಲಾರಿಯ ಕ್ಯಾಬಿನ್‌ನಲ್ಲಿ ಹೋಗಬಾರದು. ಉಳಿದ ಚೀಲಗಳ ಜೊತೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡೂ ಹೋಗಬಾರದು. ದ್ವಿಚಕ್ರದಲ್ಲಿ 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ಟೂ ಸವಾರರಿಗೆ ಕಟ್ಟುವ ಬೆಲ್ಟೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು ಎಂಬ ನಿಯಮವೇ ಇದೆ.

ಕೈಚೀಲವೊಂದು ಲಾರಿ ಹತ್ತಬಾರದು. ಅದರಲ್ಲಿ ಎರಡು ದಿನದ ಡೈಪರು, ಹಾಲಿನ ಬಾಟಲಿ, ಚಿಕ್ಕ ಎಲೆಕ್ಟ್ರಿಕ್ ಕೆಟಲ್, ಜ್ವರದ ಸಿರಪ್ಪು, ಥರ್ಮಾಮೀಟರು, ಓಆರ್‌ಎಸ್, ತಾಯಿ ಕಾರ್ಡ್, ಒಗೆಯದ ಹಳೆಯ ಹೊದಿಕೆ. ಹೊದಿಕೆ ಒಗೆಯಬೇಡಿ ಎನ್ನುವುದು ವಾಸನೆಗಾಗಿ. ಗೊತ್ತಿಲ್ಲದ ಕೋಣೆಯಲ್ಲಿ ಮಗುವಿಗೆ ಗುರುತು ಸಿಗುವುದು ಅದೊಂದೇ.

ಮೊದಲ ಸಂಜೆ ಎಡವಟ್ಟಾಗುವುದು ಎಲ್ಲಿ

ಮನೆ ತೊಳೆಯಲೆಂದು ತುಂಬಿಟ್ಟ ಬಕೆಟ್ಟು, ಡ್ರಮ್ಮು. ಕೆಲವು ಇಂಚು ನೀರಿನಲ್ಲೂ ಚಿಕ್ಕ ಮಗು ಮುಳುಗುತ್ತದೆ, ಸದ್ದಾಗುವುದಿಲ್ಲ. ತೊಳೆದ ಕೂಡಲೇ ಬೋರಲು ಹಾಕಿಸಿ. ಹಿಂದಿನ ಬಾಡಿಗೆಯವರು ಸಿಂಕಿನ ಕೆಳಗೆ, ಅಟ್ಟದ ಮೇಲೆ, ಯುಟಿಲಿಟಿಯ ಮೂಲೆಯಲ್ಲಿ ಬಿಟ್ಟುಹೋದ ಆ್ಯಸಿಡ್ ಬಾಟಲಿ, ಇಲಿ ಪಾಷಾಣದ ಟ್ಯೂಬು, ಜಿರಳೆಯ ಚಾಕ್‌ಪೀಸನ್ನು ಮಕ್ಕಳು ಕಾಲಿಡುವ ಮೊದಲೇ ಟಾರ್ಚ್ ಹಿಡಿದು ಹುಡುಕಿ. ಹಳದಿ ರಂಜಕ ಇರುವ ಇಲಿ ಪೇಸ್ಟ್ ಲಿವರ್ ಕೆಡಿಸುತ್ತದೆ, ಮೊದಲ ದಿನ ಮಗು ಚೆನ್ನಾಗಿಯೇ ಇದ್ದಂತೆ ಕಾಣಬಹುದು. ಬಾಯಿಗೆ ಹೋಯಿತೆಂಬ ಅನುಮಾನವಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಿ. ರಿಮೋಟುಗಳ ಗುಂಡುಬಿಲ್ಲೆಯಂಥ ಬ್ಯಾಟರಿಯೂ ಹಾಗೆಯೇ, ಎರಡು ಗಂಟೆಯಲ್ಲೇ ಅನ್ನನಾಳ ಸುಡುತ್ತದೆ.

ಬೀರು, ಪುಸ್ತಕದ ರ‍್ಯಾಕ್, ಟಿವಿ ಅಂದು ಗೋಡೆಗೆ ಕಟ್ಟಿರುವುದಿಲ್ಲ. ಎಲ್-ಕ್ಲಾಂಪ್ ಹಾಕುವವರೆಗೆ ಬೀರು ಗೋಡೆಗೆ ಒತ್ತಿರಲಿ, ಬೀಗ ಹಾಕಿರಲಿ, ಟಿವಿ ನೆಲದ ಮೇಲೇ ಇರಲಿ. ಗೋಡೆಗೆ ತೂತು ಹೊಡೆಯಲು ಓನರ್ ಒಪ್ಪಿಗೆಯನ್ನು ಬಾಡಿಗೆ ಕರಾರಿನಲ್ಲೇ ಬರೆಸಿಕೊಂಡರೆ ಬಿಡುವಾಗ ಜಗಳವಿಲ್ಲ.

ಕೂಸಿನ ತೊಟ್ಟಿಲ ಬೋಲ್ಟುಗಳನ್ನು ಬಿಚ್ಚಿದಾಗಲೇ ಒಂದು ಪುಟ್ಟ ಚೀಲಕ್ಕೆ ಹಾಕಿ ತೊಟ್ಟಿಲಿಗೇ ಟೇಪು ಸುತ್ತಿರಬೇಕು. ಒಂದು ಬೋಲ್ಟ್ ಕಡಿಮೆಯಾದರೂ ಅಂದು ತೊಟ್ಟಿಲು ಬೇಡ. ನೆಲದ ಮೇಲೆ ಗಟ್ಟಿ ಹಾಸಿಗೆ, ಪ್ಲಾಸ್ಟಿಕ್ ಸುತ್ತು ಪೂರ್ತಿ ತೆಗೆದು, ದಿಂಬಿಲ್ಲದೆ, ಬೆನ್ನ ಮೇಲೆ. ಜೋಲಿ ಕಟ್ಟುವವರು ಫ್ಯಾನಿನ ಕೊಕ್ಕೆಗೆ ಕಟ್ಟಬೇಡಿ. ತೊಲೆಯಲ್ಲಿ ಬೇರೆ ಕೊಂಡಿ ಇಲ್ಲದಿದ್ದರೆ ಕಬ್ಬಿಣದ ಜೋಲಿ ಸ್ಟ್ಯಾಂಡ್ ತರಬೇಕು.

ಫ್ರಿಜ್ಜು ಮಲಗಿಸಿ ತಂದಿದ್ದರೆ ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಿಸಿ ಆಮೇಲೆ ಆನ್ ಮಾಡಿ, ಕಂಪ್ರೆಸರಿನ ಎಣ್ಣೆ ಮರಳಿ ಕೆಳಗಿಳಿಯಬೇಕು. ಮೊದಲ ರಾತ್ರಿಯ ಹಾಲನ್ನು ಫ್ರಿಜ್ ನಂಬಿ ಇಡಬೇಡಿ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿಗೆ ಸಾಗಿಸುವಾಗ ಹಾಕಿದ ಬೋಲ್ಟ್‌ಗಳನ್ನು ತೆಗೆಯದೆ ಓಡಿಸಿದರೆ ಡ್ರಮ್ ಹಾಳು, ಎರಡು ಮಕ್ಕಳ ಬಟ್ಟೆ ಕೈಯಲ್ಲಿ ಒಗೆಯಬೇಕಾಗುತ್ತದೆ. ಗ್ಯಾಸ್ ಸಿಲಿಂಡರ್ ಅನ್ನು ಪ್ಯಾಕರ್ಸ್ ಸಾಮಾನ್ಯವಾಗಿ ಒಯ್ಯುವುದಿಲ್ಲ. ವಿತರಕರಲ್ಲಿ ವರ್ಗಾವಣೆಗೆ ಮೊದಲೇ ಹೇಳಿ, ಎರಡು ದಿನಕ್ಕೆ ಇಂಡಕ್ಷನ್ ಒಲೆ ಇಟ್ಟುಕೊಳ್ಳಿ. ಮುಖ್ಯ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಕರೆಂಟ್ ಕಡಿಯದಿದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಕೆಳಗಿನ ಸಾಕೆಟ್‌ಗಳನ್ನೆಲ್ಲ ಟೇಪಿನಿಂದ ಮುಚ್ಚಿ.

ಲಸಿಕೆಯನ್ನು ಮನೆ ಬದಲಿಸುವ ನೆಪದಲ್ಲಿ ಮುಂದೂಡಬೇಡಿ. 6, 10, 14 ವಾರಗಳದ್ದೋ 9 ತಿಂಗಳದ್ದೋ 16ರಿಂದ 24 ತಿಂಗಳ ನಡುವಿನದ್ದೋ ಬಾಕಿಯಿದ್ದರೆ ಮೂರು ನಾಲ್ಕು ದಿನ ಮೊದಲೇ ಹಾಕಿಸಿ, ಜ್ವರ ಬಂದು ಹೋಗಿರುತ್ತದೆ. ತಪ್ಪಿದರೆ ಹೊಸ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ತಾಯಿ ಕಾರ್ಡ್ ತೋರಿಸಿ ಉಚಿತವಾಗಿ ಹಾಕಿಸಬಹುದು. ಮಕ್ಕಳಿಗೆ ರಾತ್ರಿ ಚಿಕಿತ್ಸೆ ಕೊಡುವ ಆಸ್ಪತ್ರೆ ಎಲ್ಲಿದೆ ಎಂದು ಹೊಸ ಮನೆಗೆ ಹೋದ ಮೊದಲ ವಾರದಲ್ಲೇ ನೋಡಿಟ್ಟುಕೊಳ್ಳಿ. ದೊಡ್ಡ ಮಗುವಿಗೆ ಚಡ್ಡಿಯಲ್ಲೇ ಆಗುವುದು, ಬಿಟ್ಟಿದ್ದ ಬಾಟಲಿಯನ್ನು ಮತ್ತೆ ಕೇಳುವುದು, ರಾತ್ರಿ ಎದ್ದು ಹಳೆಯ ಮನೆಗೆ ಹೋಗೋಣ ಎನ್ನುವುದು ಎರಡು-ಮೂರು ವಾರ ಇರುತ್ತದೆ. ಡೈಪರ್ ಬಿಡಿಸುವುದು, ಹಾಲು ಬಿಡಿಸುವುದು, ಬೇರೆ ಮಂಚಕ್ಕೆ ಹಾಕುವುದು ಯಾವುದನ್ನೂ ಆ ವಾರಗಳಲ್ಲಿ ಶುರುಮಾಡಬೇಡಿ.